ಅಕ್ಕಿಯಲ್ಲಿ ಬರೆದ ಹೆಸರು, ಬಾಂಡಿನಲ್ಲಿ ಬರೆದ ಹೆಸರು

ನಮ್ಮ ಮೊಮ್ಮಗಳು ಅಶ್ವಿನಿಗೆ ವಕೀಲಿ ಸನದು ಬಂತು. ಹೋದ ಸೋಮವಾರ ಕರಿ ಕೋಟು ಹಾಕಿಕೊಂಡು ಗಡಹಿಂಗ್ಲಜದ ಕೋರ್ಟಿನ ಮೆಟ್ಟಿಲು ಹತ್ತಿದಳು. ಹತ್ತುವಾಗ ಒಮ್ಮೆ ಹಿಂತಿರುಗಿ ನನ್ನ ಕಡೆ ನೋಡಿದಳು. ನಾನು ಅಂಗಳದ ಹುಣಸೆಮರದ ಬುಡದಲ್ಲಿ ನಿಂತಿದ್ದೆ. ಈಗ ಅಲ್ಲಿ ಮೋಟಾರ್‌ಸೈಕಲ್ ನಿಲ್ಲಿಸುತ್ತಾರೆ. ಆಗ ಅಲ್ಲಿ ನನ್ನ ಟೇಬಲ್ಲು ಇತ್ತು. ಹಿಗ್ಗು ಎಷ್ಟಾಯಿತೆಂದರೆ, ಮನೆಗೆ ಬಂದು ಮೂರು ಓಣಿಗೆ ಪೇಢೆ ಹಂಚಿದೆ. ನಾಲ್ಕನೆಯ ಓಣಿಯವರು ತಾವೇ ಬಂದು ಕೇಳಿ ತಿಂದು ಹೋದರು.

ಅವಳೇ ಗಂಟುಬಿದ್ದಳು: "ಅಜ್ಜಿ, ನೀ ಮಾಡಿದ ಕೆಲಸಾ ಎಲ್ಲಾ ಬರದಿಡು. ನಮ್ಮ ಕಾಲೇಜಿನ್ಯಾಗ ಯಾರೂ ಹೇಳಲಿಲ್ಲ ಇವನ್ನ." ನಾನು ಕಲಿತದ್ದು ಅಕಿವಾಟದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಅಷ್ಟರಲ್ಲೇ ಇಪ್ಪತ್ತು ವರ್ಷ ಕೋರ್ಟಿನ ಕಾಗದ ಬರೆದಿದ್ದೇನೆ. ಇದನ್ನು ಬರೆಯುವುದೇನು ದೊಡ್ಡದು!

ಟೇಬಲ್ಲು ಮೊದಲು ನಮ್ಮ ಯಜಮಾನರದು. ಅವರು ಅರ್ಜಿ ಬರೆಯುವವರು. ಎಪ್ಪತ್ತರ ದಶಕ ಶುರುವಾದಾಗ ಅವರ ಬಲಗೈ ನಡುಗಲು ಹತ್ತಿತು. ಕುಡಿಯುವ ನೀರೇ ತುಳುಕುತ್ತಿತ್ತು, ಇನ್ನು ಅಕ್ಷರ ನಿಲ್ಲುವುದೆಲ್ಲಿ? ಅವರು ಬಾಯಿಂದ ಹೇಳುವುದು, ನಾನು ಬರೆಯುವುದು. ಊರು ಮಹಾರಾಷ್ಟ್ರದ್ದು, ಕೋರ್ಟಿನ ಕಾಗದಕ್ಕೆ ಬೇಕಾದ ಮರಾಠಿ ಅಕ್ಷರ ಅವರೇ ಕಲಿಸಿದರು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸು ಕೋರ್ಟಿನ ಅಂಗಳದಲ್ಲಿ ಕುಳಿತರೆ ಜನ ಸುಮ್ಮನಿರುತ್ತಾರೆಯೇ? "ಒಲಿ ಮುಂದ ಕುಂಡ್ರೂದು ಬಿಟ್ಟು ಇಲ್ಲೆ ಏನ ಬೇಯಸಾಕತ್ತೀಯವಾ?" ಎಂದು ಒಬ್ಬ ಮುದುಕ ಕೇಳಿದ. "ನಿಮ್ಮ ಅಣ್ತಮ್ಮರ ಜಗಳಾ ಬೇಯಸಾಕತ್ತೇನ್ರಿ, ಕುಂಡ್ರಿ" ಎಂದೆ. ಕುಳಿತ. ಅವನ ಆಸ್ತಿ ಪಾಲಿನ ವಾಟಣಿ ಪತ್ರವನ್ನು ನಾನೇ ಬರೆದೆ.

ಮೊದಲ ವರ್ಷ ಮಾಡಿದ ತಪ್ಪು ಹೇಳಿಬಿಡುತ್ತೇನೆ. ಚಂದಗಡದ ಕಡೆಯ ರೈತನೊಬ್ಬ ಹೊಲದ ಅರ್ಜಿಗೆ ಬಂದಿದ್ದ. "ಅಪ್ಪ ಮ್ಯಾಲೆ ಹೋಗ್ಯಾನ್ರಿ" ಎಂದ. ನಾನು ಅಪ್ಪನ ಹೆಸರಿನ ಹಿಂದೆ "ಕೈಲಾಸವಾಸಿ" ಎಂದು ಬರೆದೆ. ಅರ್ಧ ತಾಸಿಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಆ ಕೈಲಾಸವಾಸಿಯೇ ಬಂದು ಎದುರಿಗೆ ನಿಂತ. ಮೇಲಿನ ಮಾಳಿಗೆಯ ಕಚೇರಿಗೆ ಹೋಗಿದ್ದನಂತೆ! ಅಂದಿನಿಂದ, ಸತ್ತವರೋ ಇದ್ದವರೋ ಎಂದು ಎರಡು ಸಲ ಕೇಳದೆ ನಾನು ಪೆನ್ನು ಇಳಿಸಿದವಳಲ್ಲ.

ಯಜಮಾನರು ತೀರಿಕೊಂಡ ಮೇಲೆ ದೇಸಾಯಿ ವಕೀಲರು ನನ್ನನ್ನು ಅದೇ ಅಂಗಳದ ಎದುರಿನ ತಮ್ಮ ಕಟ್ಟೆಗೆ ಕರೆದುಕೊಂಡರು. ಅವರು ನೋಟರಿಯೂ ಆಗಿದ್ದರು. ಅಂಥ ಮೇಲಿನವರು ಸಿಗುವುದು ಪುಣ್ಯ. ಕಕ್ಷಿದಾರರ ಮುಂದೆ ಎಂದೂ ಬೈಯುತ್ತಿರಲಿಲ್ಲ. ತಪ್ಪು ಕಂಡರೆ ಕಣ್ಣಿನ ಚಾಳೀಸು ತೆಗೆದು ಧೋತರದ ಅಂಚಿನಿಂದ ಒರೆಸುತ್ತ ಕುಳಿತುಬಿಡುತ್ತಿದ್ದರು. ಚಾಳೀಸು ಒರೆಸುವುದು ಉದ್ದವಾದಷ್ಟೂ ತಪ್ಪು ದೊಡ್ಡದು ಎಂದು ನಾವು ತಿಳಿದುಕೊಳ್ಳಬೇಕು. ಅವರಲ್ಲಿ ಇಂಗ್ಲಿಷ್ ಟೈಪಿಂಗ್ ಮಶೀನು ಇತ್ತು. ನನಗೆ ಇಂಗ್ಲಿಷ್ ಅಕ್ಷರದ ಗುರುತು ಇತ್ತು, ಅರ್ಥ ಗೊತ್ತಿರಲಿಲ್ಲ. ಸಾಹೇಬರು ಒಂದೊಂದು ಕಾಗದಕ್ಕೂ ಒಂದೊಂದು ನಮೂನೆ ಮಾಡಿ ಕೊಟ್ಟಿದ್ದರು. ಎಲ್ಲಿ ಹೆಸರು, ಎಲ್ಲಿ ತಂದೆ, ಎಲ್ಲಿ ಊರು ಎಂದು ಖಾಲಿ ಜಾಗದ ಮೇಲೆ ಮರಾಠಿಯಲ್ಲಿ ಸಣ್ಣಗೆ ಬರೆದಿರುತ್ತಿದ್ದರು. ಅದನ್ನು ನೋಡಿ ಒಂದೊಂದೇ ಕೀಲಿ ಒತ್ತುವುದು. ಕೆಳಗೆ ಮೂರು ಕಾರ್ಬನ್ನು. ರಂಗೋಲಿ ಹಾಕಿದ ಹಾಗೆ ಚುಕ್ಕಿಗೆ ಚುಕ್ಕಿ ಕೂಡಿಸುತ್ತಿದ್ದೆ, ತಪ್ಪುತ್ತಿರಲಿಲ್ಲ. ತಪ್ಪಿದ್ದು ಒಂದೇ ಸಲ. ಅದನ್ನು ಹೇಳಲೆಂದೇ ಇಷ್ಟು ಪೀಠಿಕೆ.

ಎಂಬತ್ತರ ದಶಕದ ನಡುವಿನ ಮಾತು. ದೀಪಾವಳಿ ಮುಗಿದಿತ್ತು. ಸುಳಕೂಡದ ಸಿದ್ಧಪ್ಪ ಪೂಜಾರಿ ಎಂಬ ಕುರಿಗಾರ, ಮಗಳು ಮಾಳವ್ವನನ್ನೂ ಬೀಗಿತಿಯಾಗುವವಳನ್ನೂ ಕರೆದುಕೊಂಡು ನಮ್ಮ ಕಟ್ಟೆ ಹತ್ತಿದ. ಬೀಗಿತಿ ಗಡಹಿಂಗ್ಲಜದವಳೇ, ಗಂಗೂಬಾಯಿ ಬಂಡಗರ. ಅವಳ ಮಗ ವಿಠ್ಠಲ ಇಚಲಕರಂಜಿಯಲ್ಲಿ ಮಗ್ಗದ ಫಿಟರ್ ಆಗಿದ್ದ. ಕೈ ಎಷ್ಟು ಚುರುಕೆಂದರೆ, ಮಗ್ಗದ ಸಪ್ಪಳ ಕೇಳಿಯೇ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದನಂತೆ. ಮಗ್ಗ ಮಾರಲು ಬಂದ ಪರದೇಶದ ಸಾಹೇಬನೊಬ್ಬ ಅದನ್ನು ನೋಡಿ ಅವನನ್ನು ಸ್ವಿಟ್ಜರ್ಲಂಡಿನ ತನ್ನ ಕಾರ್ಖಾನೆಗೆ ಎರಡು ವರ್ಷಕ್ಕೆ ಕರೆಸಿಕೊಂಡಿದ್ದ. ಹೋಗುವ ಮುಂಚೆ ಮಾಳವ್ವನ ಜೊತೆ ಸಾಖರಪುಡಾ ಆಗಿತ್ತು, ಅಂದರೆ ನಿಶ್ಚಯ. ಮದುವೆ ಉಳಿದಿತ್ತು. ನಡುವೆ ರಜೆ ಇಲ್ಲ. ಹೆಂಡತಿ ಬಂದರೆ ಮಾತ್ರ ಇರಲು ಮನೆ ಕೊಡುತ್ತಾರಂತೆ. ಅದಕ್ಕೆ ಮದುವೆ ಅಲ್ಲೇ, ಅಲ್ಲಿಯ ಸರಕಾರಿ ಕಚೇರಿಯಲ್ಲಿ, ಸಂಕ್ರಾಂತಿ ದಾಟಿದ ಮೇಲೆ ಎಂದು ತಾರೀಖು ಸಿಕ್ಕಿತ್ತು. ಆ ತಾರೀಖಿಗೆ ಕಾಗದ ಮುಟ್ಟದಿದ್ದರೆ ಮತ್ತೆ ಮೊದಲಿನಿಂದ.

"ಅಲ್ಲೆ ಭಾಳ ಥಂಡಿ ಐತಂತ್ರಿ ಶಾಂತಕ್ಕಾರ" ಎಂದ ಸಿದ್ಧಪ್ಪ. "ಹಿಮಾ ಮೊಣಕಾಲತನಕ ಬೀಳತೈತಂತ. ನಾ ಕಂಬಳಿ ನೇಸಾಕ ಕೊಟ್ಟೇನಿ, ನಮ್ಮ ಕುರಿ ಉಣ್ಣಿದು. ಕಾಗದ ನೀವು ನೇದು ಕೊಡ್ರಿ."

ಅಷ್ಟು ಚಂದ ಯಾರೂ ನನ್ನ ಕೆಲಸವನ್ನು ಹೊಗಳಿರಲಿಲ್ಲ. ಉಬ್ಬಿಹೋದೆ.

ಬೇಕಾದ ಕಾಗದ ಎರಡೇ. ಒಂದು, ಹುಡುಗಿಯ ಜನ್ಮದಾಖಲೆ. ಎರಡು, ತನಗೆ ಇನ್ನೂ ಮದುವೆಯಾಗಿಲ್ಲ ಎಂದು ಅವಳು ಪ್ರಮಾಣ ಮಾಡಿದ ಅಫಿಡವಿಟ್. ಎರಡಕ್ಕೂ ನೋಟರಿಯ ಸೀಲು, ಆಮೇಲೆ ಮುಂಬೈಯ ಕಚೇರಿಗಳ ಶಿಕ್ಕೆ. ಜನ್ಮದಾಖಲೆಯೇ ಕಠಿಣ ಎಂದುಕೊಂಡೆ. ಊರಿನ ದಫ್ತರದಲ್ಲಿ "ಸಿದ್ಧಪ್ಪನಿಗೆ ಹೆಣ್ಣು" ಎಂದಷ್ಟೇ ಇತ್ತು, ಹೆಸರೇ ಇಲ್ಲ. ಆ ಕಾಲದಲ್ಲಿ ಎಲ್ಲರದೂ ಹಾಗೆಯೇ. ಹೆರಿಗೆಯಾದ ಮರುದಿನ ಬರೆಸುತ್ತಿದ್ದರು, ತೊಟ್ಟಿಲು ಆಮೇಲೆ. ಶಾಲೆ ಬಿಟ್ಟ ದಾಖಲೆ ತರಿಸಿ ಅದಕ್ಕೆ ಜೋಡಿಸಿದೆ. ಕೊಲ್ಲಾಪುರಕ್ಕೆ ಆಗ ಝೆರಾಕ್ಸ್ ಬಂದಿತ್ತು. ಸಿದ್ಧಪ್ಪ ಅಲ್ಲಿಗೆ ಹೋಗಿ ನಕಲು ಮಾಡಿಸಿಕೊಂಡು ಬಂದು ಅಸಲು, ನಕಲು ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದ. "ಮಶೀನಿನವಾ ಅಸಲ ಇಟಗೊಂಡು ನಕಲ ಎರಡೂ ನನಗ ಕೊಟ್ಟಾನೇನ್ರಿ?" ಎಂದು ಕೇಳಿದ. ಶಾಲೆಯ ಶಾಯಿ ಶಿಕ್ಕೆಯ ಬಣ್ಣ ತೋರಿಸಿ ಸಮಾಧಾನ ಮಾಡಿದೆ.

ಕಠಿಣವಾದದ್ದು ದಾಟಿತು. ಸುಲಭವಾದದ್ದರಲ್ಲಿ ಮುಗ್ಗರಿಸಿದೆ.

ಬಾಂಡಿನ ಮೇಲೆ, ಅಂದರೆ ಛಾಪಾ ಕಾಗದದ ಮೇಲೆ, ಅಫಿಡವಿಟ್ ಟೈಪ್ ಮಾಡಲು ಕುಳಿತು, "ಹುಡುಗಿ ಹೆಸರೇನ್ರಿ?" ಎಂದೆ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಗಂಗೂಬಾಯಿ ಹೇಳಿದಳು: "ವೈಶಾಲಿ. ವೈಶಾಲಿ ವಿಠ್ಠಲ ಬಂಡಗರ."

ನಮ್ಮ ಭಾಗದ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ವರನು ಬಂಗಾರದ ಉಂಗುರದಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಅವಳಿಗೆ ಅದೇ ಹೆಸರು. ಹಿಂದೆ ತಂದೆಯ ಹೆಸರು ಇದ್ದ ಜಾಗಕ್ಕೆ ಗಂಡನ ಹೆಸರು, ಆಮೇಲೆ ಗಂಡನ ಮನೆಯ ಅಡ್ಡಹೆಸರು. ಗಂಗೂಬಾಯಿಗೆ ಒಂದೇ ಚಿಂತೆ: "ಆ ಥಂಡಿ ದೇಶದಾಗ ಅಕ್ಕಿ ತಾಟು ಯಾರು ಹಿಡೀತಾರ?" ಅದಕ್ಕೆ ಮಗ ಹೋದ ಮೇಲೆ ತಾನೇ ಒಳ್ಳೆಯ ವಾರ ನೋಡಿ ಬೀಗರನ್ನು ಕರೆಸಿ, ಮೈದುನನ ಕೈಯಿಂದ ಅಕ್ಕಿಯಲ್ಲಿ ಹೆಸರು ಬರೆಸಿ ಮುಗಿಸಿಬಿಟ್ಟಿದ್ದಳು.

ಬಾಂಡ್ ಬರೆಯುವವಳಾಗಿ ನಾನು ತಡೆಯಬೇಕಿತ್ತು. ತಡೆಯಲಿಲ್ಲ. ಯಾಕೆಂದರೆ ನನಗೂ ಅದು ಸರಿಯಾಗಿಯೇ ಕಂಡಿತು! ಅಕ್ಕಿಯಲ್ಲಿ ಬರೆದಾಗಿದೆ ಎಂದ ಮೇಲೆ ಅವಳ ಹೆಸರು ಅದೇ ಅಲ್ಲವೇ? ನನಗೂ ಹಾಗೆಯೇ ಆದದ್ದು. ಖಾಲಿ ಜಾಗಕ್ಕೆ "ವೈಶಾಲಿ ವಿಠ್ಠಲ ಬಂಡಗರ" ಎಂದು ಕೀಲಿ ಒತ್ತಿದೆ. ತಂದೆಯ ಜಾಗಕ್ಕೆ ಸಿದ್ಧಪ್ಪ ಪೂಜಾರಿ. ಕೆಳಗೆ ನಮೂನೆಯಲ್ಲಿದ್ದಂತೆ, ನನಗೆ ಮದುವೆಯಾಗಿಲ್ಲ ಎಂಬ ಸಾಲು.

ಓದುತ್ತಿರುವ ನಿಮಗೆ ಈಗಲೇ ನಗು ಬಂದಿರಬೇಕು. ಅಂದು ಯಾರಿಗೂ ಬರಲಿಲ್ಲ.

ಸಹಿಗೆ ಮಾಳವ್ವನನ್ನು ಕರೆದೆ. ಹತ್ತನೆಯ ಇಯತ್ತೆ ಓದಿದ ಹುಡುಗಿ, ಅಕ್ಷರ ಬಲ್ಲವಳು. ಪೆನ್ನು ಹಿಡಿದು "ವೈ" ಎಂದು ಬರೆದು ನಿಂತಳು. ಕೈ ಮುಂದೆ ಹೋಗಲಿಲ್ಲ.

"ಬರಿ ತಂಗಿ, ಅಂಜಬ್ಯಾಡ" ಎಂದೆ.

ಬರೆದಳು. ಮಗ್ಗಿ ತಪ್ಪಿದ ಮಗುವಿನ ಹಾಗೆ ನನ್ನ ಮುಖ ನೋಡಿದಳು. ಕೋರ್ಟಿಗೆ ಹೊರಟಿದ್ದ ಸಾಹೇಬರು, ಶಾಂತಾಬಾಯಿ ಮಾಡಿದ್ದೆಂದ ಮೇಲೆ ಓದುವುದೇನು ಎಂದು ನಿಂತಲ್ಲೇ ಸಹಿ ಮಾಡಿ ಸೀಲು ಒತ್ತಿದರು.

ಎಂಟು ದಿನಕ್ಕೆ ಸಿದ್ಧಪ್ಪ ಮುಂಬೈಯಿಂದ ತಿರುಗಿ ಬಂದ. ರುಮಾಲು ಕೈಯಲ್ಲಿತ್ತು. ಅಫಿಡವಿಟ್ಟಿನಲ್ಲಿ ಹುಡುಗಿಯ ಹೆಸರಿನ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

"ಕಚೇರ್ಯಾಗಿನವಾ ನಗಾಕ ಹತ್ತಿದ್ರಿ. 'ಮುಲೀಚಂ ಲಗ್ನ ಝಾಲಂಯ ಕೀ ವ್ಹಾಯಚಂಯ?' ಅಂದ. ಲಗ್ನ ಆಗೇತೋ ಆಗಬೇಕೋ ಅಂತ. ಆಗಬೇಕ್ರಿ ಅಂದೆ. ಹಂಗಾರ ಗಂಡನ ಹೆಸರು ಎಲ್ಲಿಂದ ಬಂತು ಅಂದ. ಸಾಲಿ ದಾಖಲೇದಾಗ ಮಾಳವ್ವ, ಇದರಾಗ ವೈಶಾಲಿ, ನಿನಗ ಎಷ್ಟ ಮಂದಿ ಹೆಣ್ಮಕ್ಕಳು ಅಂದ. ಒಬ್ಬಾಕೀನ ಅಂದ್ರ ನಂಬಲಿಲ್ರಿ."

ಸಾಹೇಬರು ಕಾಗದ ಓದಿದರು. ಚಾಳೀಸು ತೆಗೆದರು. ಒರೆಸಿದರು, ಒರೆಸಿದರು. ಹುಣಸೆಮರದ ನೆರಳು ಒಂದು ಮೆಟ್ಟಿಲು ಇಳಿದಿತ್ತು, ಇನ್ನೂ ಒರೆಸುತ್ತಲೇ ಇದ್ದರು. ಕೊನೆಗೆ ಹೇಳಿದರು: "ಶಾಂತಾಬಾಯಿ, ಟೈಪ್ ನಿಮ್ಮದು, ಸಹಿ ನಂದು. ತಪ್ಪಿನ್ಯಾಗ ಇಬ್ಬರೂ ಪಾಲುದಾರರು. ಹುಟ್ಟು ಹೆಸರಿನ್ಯಾಗ ಹೊಸಾದು ಮಾಡ್ರಿ. ಈ ಸಲ ನಾ ಓದತೇನಿ."

ನನಗೆ ಅರ್ಧ ತಾಸಿನ ಕೆಲಸ. ಆದರೆ ಸುದ್ದಿ ಗಂಗೂಬಾಯಿಗೆ ಮುಟ್ಟಿತು. ಮರುದಿನ ಅವಳು ಕಟ್ಟೆಗೆ ಬಂದಳು. ಹಿಂದೆ ಸಿದ್ಧಪ್ಪ, ಮಾಳವ್ವ. ಹುಡುಗಿಯ ಕಣ್ಣು ಊದಿದ್ದವು.

"ಅಕ್ಕ್ಯಾಗ ಬರದದ್ದು ಅಂದ್ರ ದೇವರ ಮುಂದ ಬರದಂಗ" ಎಂದಳು ಗಂಗೂಬಾಯಿ, ಕುಳಿತುಕೊಳ್ಳದೆ. "ಅದನ್ನ ಅಳಿಸಿದ್ರ ಸೊಸಿನ್ನ ಅಳಿಸಿದಂಗ. ವೈಶಾಲಿ ಅಂತ ಹೋಗೂದಾದ್ರ ಹೋಗ್ಲಿ. ಇಲ್ಲಂದ್ರ ತೀರಿಹೋದ ನನ್ನ ಅಣ್ಣನ ಮಗಳು ಚಂದಗಡದಾಗ ಅದಾಳ. ವಿಠ್ಠಲಗ ಕಾಗದಾ ಹಾಕತೇನಿ."

"ಅತ್ತೀ..." ಎಂದಳು ಮಾಳವ್ವ.

"ನೀ ಸುಮ್ನಿರು."

ಸಿದ್ಧಪ್ಪ ಗೋಡೆಗೆ ಆನಿಸಿ ಕುಸಿದು ಕುಳಿತ. ಅವನಿಗೆ ಎದೆನೋವು ಬೇರೆ ಇತ್ತು. ಮಗಳದೊಂದು ದಾರಿಗೆ ಹತ್ತಿದರೆ ಸಾಕು ಎಂದು ಎರಡು ಸಲ ನನ್ನ ಮುಂದೆ ಹೇಳಿದ್ದ. ಹುಡುಗಿಗಂತೂ ವಿಠ್ಠಲನನ್ನು ಬಿಟ್ಟು ಬೇರೆ ಮಾತಿಲ್ಲ. ಅವನ ಪತ್ರಗಳನ್ನು ಅರಿಶಿನದ ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ಎಲ್ಲ ನನ್ನ ಹತ್ತು ಬೆರಳಿನಿಂದ ಕೆಟ್ಟಿತು. ಕಾಯದೆ ಹೇಳಿದರೆ ಗಂಗೂಬಾಯಿ ಕೇಳುವವಳಲ್ಲ. ಸಾಹೇಬರೂ, ಇದು ನಿಮ್ಮ ಕೆಲಸ, ನನ್ನದಲ್ಲ ಎಂಬಂತೆ ನನ್ನ ಕಡೆ ನೋಡಿದರು.

ನೀರು ಕೊಟ್ಟು ಕೂರಿಸಿದೆ. ಬೇರೆ ಏನೂ ತೋಚದೆ ಕೇಳಿದೆ: "ಗಂಗೂಬಾಯಾರ, ತವರಮನ್ಯಾಗ ನಿಮಗ ಏನಂತ ಹೆಸರಿಟ್ಟಿದ್ರು?"

"ಅದೆಲ್ಲಾ ಈಗ್ಯಾಕ?"

"ಸುಮ್ನ ಕೇಳಿದೆ."

ಸೆರಗಿನ ಅಂಚು ತಿರುವಿದಳು. "ರುಕ್ಕವ್ವ."

"ಹಂಗ ಯಾರು ಕರೀತಾರ ಈಗ?"

"ಕರಿಯಾವ್ರೆಲ್ಲಾ ಸತ್ತರು" ಎಂದಳು. ಹೇಳಿದ ಮೇಲೆ ತನ್ನ ಮಾತೇ ತನಗೆ ಕೇಳಿಸಿತೋ ಏನೋ, ಚೊಂಬನ್ನು ಬಾಯಿಯವರೆಗೆ ಒಯ್ದವಳು ಕುಡಿಯದೆ ಕೆಳಗಿಟ್ಟಳು.

"ನನ್ನೂ ಅಕಿವಾಟದಾಗ ಸತ್ಯವ್ವ ಅಂತಿದ್ರು" ಎಂದೆ. "ನಾ ಅದನ್ನ ಎಂದೂ ಒಂದ ಕಾಗದದಾಗರೆ ಬರದಿಲ್ಲ. ಸಾವಿರ ಮಂದಿ ಹೆಸರು ಬರದೇನಿ. ನೀವು ಇಟ್ಟ ಹೆಸರು ನಾವು ಅಳಸೂದಿಲ್ರಿ. ಲಗ್ನ ಆಗೂತನಕ ತಡದು ಇಡತೀವಿ. ಅಕ್ಕಿ ಕಾಳು ತಾಟಿನ್ಯಾಗ ಇರತಾವ, ಎಲ್ಲಿ ಹೋಗತಾವ?"

ಆಗ ಸಾಹೇಬರು ಬಾಯಿ ಹಾಕಿದರು. ಎರಡು ಕಾಗದ ಮಾಡೋಣ. ಒಂದು ಮಾಳವ್ವನ ಹೆಸರಿನಲ್ಲಿ, ಮದುವೆಗೆ. ಇನ್ನೊಂದು ಮದುವೆಯಾದ ಮೇಲೆ ಸಹಿ ಮಾಡಲಿಕ್ಕೆ: "ಮೊದಲಿನ ಮಾಳವ್ವ ಮತ್ತು ಇಂದಿನ ವೈಶಾಲಿ ಇಬ್ಬರೂ ಒಬ್ಬಳೇ" ಎಂದು. ಅದನ್ನು ಲಕೋಟೆಯಲ್ಲಿ ಹಾಕಿ ಕೊಡೋಣ. ಹೆಸರು ಬದಲಿಸಬೇಕೆಂದರೆ ಅವಳು ಸಹಿ ಮಾಡಿ ಅಲ್ಲಿಯವರಿಗೆ ಕೊಡಲಿ.

"ಆ ಎರಡನೇದ್ದು ನಾನ ಬರಸಾಕಿ" ಎಂದಳು ಗಂಗೂಬಾಯಿ. ಬರೆಸಿದಳು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, "ಇದ ಏನು? ಇದ ವೈಶಾಲಿನೇನು?" ಎಂದು ಕೇಳಿದಳು. ಅವಳಿಗೆ ಓದು ಬಾರದು. ಆದರೂ ಲಕೋಟೆಯನ್ನು ತಾನೇ ಅಂಟಿಸಿದಳು.

ಮೊದಲನೆಯ ಕಾಗದಕ್ಕೆ ಹುಡುಗಿಯನ್ನು ಸಹಿಗೆ ಕರೆದೆ. "ಮಾಳವ್ವ ಸಿದ್ಧಪ್ಪ ಪೂಜಾರಿ." ಪೆನ್ನು ಒಂದು ಕಡೆಯೂ ನಿಲ್ಲಲಿಲ್ಲ. ಗುಡ್ಡದ ಮೇಲಿನಿಂದ ಕುರಿ ಇಳಿದ ಹಾಗೆ ಸರಸರ ಇಳಿಯಿತು. ಆಗ ನನಗೆ ತಿಳಿಯಿತು. ಮೊದಲ ದಿನವೇ ಅವಳ ಕೈ ನನಗೆ ಹೇಳಿತ್ತು. ನಾನು ಅಂಜಬೇಡ ಎಂದು ಹೇಳಿ ಅದರ ಬಾಯಿ ಮುಚ್ಚಿಸಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬಂದವರೇ, ಕಾಗದವನ್ನು ಹತ್ತು ಸಲ ಓದಿ, ಬೇಡ ಎನ್ನುವುದಿಲ್ಲ. ಆದರೆ ಸಹಿ ಮಾಡುವವರ ಕೈಯನ್ನು ಒಮ್ಮೆ ನೋಡಿ. ನಿಂತಿತೆಂದರೆ ಕೇಳಿ, ಯಾಕೆ ನಿಂತಿತೆಂದು.

ಕಾಗದ ಮುಂಬೈಗೆ ಹೋಯಿತು, ಶಿಕ್ಕೆ ಬಿತ್ತು. ಮಾಳವ್ವ ಬೆಳಗಾವಿಯನ್ನೂ ಸರಿಯಾಗಿ ನೋಡದವಳು, ವಿಮಾನ ಹತ್ತಿದಳು. ಕೈಯಲ್ಲಿ ಕಂಬಳಿ, ಚೀಲದಲ್ಲಿ ಸೇಂಗಾ ಹೋಳಿಗೆ, ರವಿಕೆಯೊಳಗೆ ನನ್ನ ಕಾಗದ.

ಹೋಳಿ ಹುಣ್ಣಿಮೆಯ ಹೊತ್ತಿಗೆ ಗಂಗೂಬಾಯಿ ಪರದೇಶದ ಲಕೋಟೆ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದಳು. ಓದಿಸಿಕೊಳ್ಳಲು. ಒಳಗೆ ಒಂದು ಫೋಟೋ: ಕೆಂಪು ಇಳಕಲ್ ಸೀರೆ, ಮೇಲೆ ಕರಿ ಕಂಬಳಿ, ಸುತ್ತ ಎಲ್ಲಿ ನೋಡಿದರೂ ಬಿಳಿ. ವಿಠ್ಠಲ ಟೊಪ್ಪಿಗೆಯೊಳಗೆ ಮಂಗನ ಹಾಗೆ ಕಾಣುತ್ತಿದ್ದ. ಮಾಳವ್ವ ಮಾತ್ರ ರಾಣಿ.

ಮಾಳವ್ವನ ಪತ್ರ ಓದಲು ಹತ್ತಿದೆ. ಕಚೇರಿಯಲ್ಲಿ ಕುಳಿತವಳೂ ಹೆಣ್ಣುಮಗಳೇ ಅಂತೆ. ಹೆಸರು ಕರೆದಾಗ ಇವಳು ಎದ್ದು ನಿಂತು ತನ್ನ ಪೂರಾ ಹೆಸರು ಜೋರಾಗಿ ಹೇಳಿದಳಂತೆ. ಮನೆಗೆ ಬಂದು ವಿಠ್ಠಲ ತಾಟಿನಲ್ಲಿ ಅಕ್ಕಿ ಹಾಕಿ, ಉಂಗುರ ಹಿಡಿದು, "ಏನಂತ ಬರೀಲಿ?" ಎಂದು ಕೇಳಿದನಂತೆ. "ಇದ್ದದ್ದನ್ನೇ ಬರಿ ಎಂದೆ. ಅವರು ಮಾಳವ್ವ ಎಂದು ಬರೆದರು. ಲಕೋಟೆಯನ್ನು ಒಡೆದಿಲ್ಲ. ಅತ್ತೆಯವರು ಕ್ಷಮಿಸಬೇಕು."

ಈ ಸಾಲು ಬರುವ ಮೊದಲೇ ನನ್ನ ಕಣ್ಣಿಗೆ ಬಿದ್ದಿತ್ತು. ಹಾರಿಸಿ ಓದಿದ್ದರೆ ಗಂಗೂಬಾಯಿಗೆ ತಿಳಿಯುತ್ತಿರಲಿಲ್ಲ. ಆದರೆ ನಮ್ಮ ಕೆಲಸಕ್ಕೆ ಒಂದು ನೇಮವಿದೆ: ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಬರೆದದ್ದನ್ನು ಬರೆದ ಹಾಗೆ ಓದಬೇಕು. ಓದಿದೆ.

ಗಂಗೂಬಾಯಿ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು.

"ಅಲ್ಲಾ, ಆ ಥಂಡ್ಯಾಗ ಅಕ್ಕಿ ಎಲ್ಲಿ ಸಿಕ್ಕುವಂತ?" ಎಂದಳು.

"ಅಕ್ಕಿ ಎಲ್ಲಾ ಕಡೆ ಸಿಗತಾವ್ರಿ."

"ಸಿಗ್ಲಿ." ಫೋಟೋವನ್ನು ಸೆರಗಿನಿಂದ ಒರೆಸಿದಳು. "ವೈಶಾಲಿ ಅನ್ನೂದು ಚೊಲೋ ಹೆಸರು ಐತಿ. ವ್ಯರ್ಥ ಯಾಕ ಮಾಡೂದು? ಮೊಮ್ಮಗಳು ಹುಟ್ಟಿದ್ರ ಇಡತೇನಿ." ಮೆಟ್ಟಿಲು ಇಳಿದವಳು ಮತ್ತೆ ತಿರುಗಿದಳು. "ಶಾಂತಕ್ಕಾ, ಒಮ್ಮೆ ನನ್ನ ಹೆಸರು ಬರದು ತೋರಸು. ಆ ಹಳೇದ್ದು."

ಟೈಪಿಂಗ್ ಕಾಗದದ ಹಿಂಬದಿಗೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಕೊಟ್ಟೆ: ರುಕ್ಕವ್ವ. ಮಡಚಿ ಮನೆಗೆ ಒಯ್ದು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಳು.

ಮೊಮ್ಮಗಳು ಎರಡು ವರ್ಷಕ್ಕೆ ಹುಟ್ಟಿದಳು. ವೈಶಾಲಿಯೇ.

ಈಗ ಮೊನ್ನೆಯ ಮಾತು ಹೇಳಿ ಪೆನ್ನು ಇಡುತ್ತೇನೆ. ಮೊದಲ ಕಾಗದವನ್ನು ಯಾರಿಗೆ ಮಾಡುತ್ತೀ ಎಂದು ಅಶ್ವಿನಿಯನ್ನು ಕೇಳಿದರೆ, ಊರಿಗೆ ಮೊದಲು ಅಜ್ಜಿಗೇ ಎಂದಳು. ಕೆಲಸವೂ ಇತ್ತು. ಬ್ಯಾಂಕಿನವರು ವಯಸ್ಸಿನ ದಾಖಲೆ ಕೇಳಿದ್ದರು. ಅಕಿವಾಟದ ಶಾಲೆಯ ಪುಸ್ತಕದಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಆಗಬೇಕಿತ್ತು. ಊರಿನವರಿಗೆಲ್ಲ ಅದನ್ನು ಬರೆದುಕೊಟ್ಟವಳು ನನಗೇ ಮಾಡಿಕೊಂಡಿರಲಿಲ್ಲ! ಅವಳು ಕಂಪ್ಯೂಟರಿನಲ್ಲಿ ಎರಡು ನಿಮಿಷಕ್ಕೆ ಮುಗಿಸಿದಳು. ಕಾರ್ಬನ್ನೂ ಇಲ್ಲ, ಬೆರಳು ಕಪ್ಪಾಗುವುದೂ ಇಲ್ಲ. ನೋಟರಿಯ ಮುಂದೆ ಕುಳಿತು ಸಹಿಗೆ ಪೆನ್ನು ಕೊಟ್ಟಳು.

"ಶಾಂ" ಎಂದು ಬರೆದೆ. ಐವತ್ತು ವರ್ಷ ಆ ಸಹಿ ಮಾಡುವಾಗ ನಿಲ್ಲದ ಕೈ ನಿಂತಿತು.

ನೋಟರಿಯವರು, "ಬರೀರಿ ಅಜ್ಜಿ, ಅಂಜಬ್ಯಾಡ್ರಿ" ಎಂದರು.

ಅಶ್ವಿನಿ ಅವರಿಗೆ ತಡೆಯಿರಿ ಎಂದು ಕೈ ಮಾಡಿದಳು. ನನ್ನ ಕೈಯನ್ನೇ ನೋಡುತ್ತಿದ್ದಳು, ನನ್ನ ಬಂಗಾರ! ಆಗ ನಾನು ಇದರಲ್ಲಿ ಒಂದು ಅಕ್ಷರವನ್ನೂ ಬರೆದಿರಲಿಲ್ಲ, ಮಾಳವ್ವನ ಕಥೆ ಅವಳಿಗೆ ಗೊತ್ತೇ ಇರಲಿಲ್ಲ.

"ಕೈ ಯಾಕ ನಿಂತತು, ಅಜ್ಜಿ?" ಎಂದಳು.

ಹುಟ್ಟುಹೆಸರಿನಲ್ಲಿ ಎಂದೂ ಸಹಿ ಮಾಡಿದ್ದೇ ಇಲ್ಲವೆಂದು ಹೇಳಿದೆ. ಅವಳು ಆ ಕಾಗದವನ್ನು ತೆಗೆದಿಟ್ಟು ಇನ್ನೊಂದು ಪ್ರತಿ ತಂದಳು. ಸಹಿ ಮಾಡುವ ಜಾಗದಲ್ಲಿ ಎರಡು ಹೆಸರಿಗೂ ಆಗುವಷ್ಟು ಜಾಗ ಬಿಟ್ಟಿದ್ದಳು. ಮೊದಲು ಹುಟ್ಟುಹೆಸರು ಬರೆದೆ. ನಾಲ್ಕನೆಯ ಇಯತ್ತೆಯಲ್ಲಿ ಪಾಟಿಯ ಮೇಲೆ ಬರೆದ ಹಾಗೆಯೇ, ಗುಂಡಗೆ, ನಿಲ್ಲದೆ: ಸತ್ಯವ್ವ.